ಇರುವೆ ಹತ್ತದ ತೊಟ್ಟಿಲು

ಒಂದು ತೊಟ್ಟಿಲಿಗಾಗಿ ನಾನು ನಮ್ಮೂರ ವಸ್ತುಸಂಗ್ರಹಾಲಯದ ಐದು ಜನ ನಿರ್ದೇಶಕರ ಬಾಗಿಲು ಕಾದಿದ್ದೇನೆ. ಅವರವರ ಹೆಸರು ಬಾಗಿಲ ಮೇಲಿನ ಹಲಗೆಯಲ್ಲಿರುತ್ತಿತ್ತು, ಆದರೆ ನಾನು ಇಟ್ಟ ಹೆಸರುಗಳೇ ಬೇರೆ. ಮೊದಲನೆಯವರು ಚಾವಣಿ ಸಾಹೇಬರು. ‘ನಿಮ್ಮ ಮನೆ ಸೋರುತ್ತಾ?’ ಎಂದು ಕೇಳಿ, ಸೋರುವ ಮನೆಗೆ ಇಂಥ ವಸ್ತು ಕೊಡಲಾಗುವುದಿಲ್ಲ ಎಂದವರು. ನಾವು ಚಾವಣಿ ಬದಲಿಸಿಕೊಂಡು ಬರುವಷ್ಟರಲ್ಲಿ ಆ ಕುರ್ಚಿಗೆ ಗೆದ್ದಲು ಸಾಹೇಬರು ಬಂದಿದ್ದರು. ಮನೆಯಲ್ಲಿಟ್ಟರೆ ಮರವನ್ನು ಗೆದ್ದಲು ತಿಂದುಬಿಡುತ್ತದೆ ಎಂದು ಬಡಗಿಯ ಮಗಳಿಗೇ ಪಾಠ ಹೇಳಿದ ಪುಣ್ಯಾತ್ಮರು. ಮೂರನೆಯವರು ನಾಳೆ ಸಾಹೇಬರು, ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೆಯವರು ಬಾಯೇ ಬಿಡುತ್ತಿರಲಿಲ್ಲ. ನಾನು ಮಾತಾಡಿ ಮುಗಿಸುವ ತನಕ ಕಿಟಕಿ ನೋಡುತ್ತಿದ್ದು, ಆಮೇಲೆ ಗಂಟೆ ಒತ್ತಿ ಜವಾನನನ್ನು ಕರೆದು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಅವರಿಗೆ ಗಂಟೆ ಸಾಹೇಬರು ಎಂದೇ ಹೆಸರಾಯಿತು.

ಐದನೆಯವರು ಕೈಗವಸಿನ ಸಾಹೇಬರು. ಈ ಕಥೆ ಅವರದು. ನನ್ನ ಅಣ್ಣನದೂ ಹೌದು. ಆದರೆ ಅವನ ಮಾತನ್ನು ಆದಷ್ಟು ಹಿಂದಕ್ಕೆ ತಳ್ಳುತ್ತೇನೆ.

ತೊಟ್ಟಿಲು ಮಾಡಿದವನು ನಮ್ಮ ಮುತ್ತಜ್ಜ. ಪರದೇಶದವರು ಈ ಊರನ್ನು ಆಳುತ್ತಿದ್ದ ಕಾಲ. ಅವರಿಗೆ ನಮ್ಮ ಬೀದಿ ಬೇಕಾಗಿತ್ತು. ಕುದುರೆ ಕಟ್ಟಲಿಕ್ಕೋ ಗೋದಾಮು ಕಟ್ಟಲಿಕ್ಕೋ, ಯಾತಕ್ಕೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಸಿಪಾಯಿಗಳು ಬಂದು ಮನೆಗಳನ್ನು ಖಾಲಿ ಮಾಡಿಸಿದರು. ಜೊತೆಗಿದ್ದ ಅಧಿಕಾರಿಯ ಕಣ್ಣು ತೊಟ್ಟಿಲ ಮೇಲೆ ಬಿತ್ತು. ಒಂದೂ ಕಬ್ಬಿಣದ ಮೊಳೆಯಿಲ್ಲದ ತೊಟ್ಟಿಲು; ಅಡಿಯಲ್ಲಿ ಬಾಗಿದ ಎರಡು ಪಟ್ಟಿ, ನೆಲದ ಮೇಲಿಟ್ಟು ಒಂದು ಬೆರಳಿನಿಂದ ತಳ್ಳಿದರೂ ತೂಗುತ್ತಿತ್ತಂತೆ. ಒಳಗೆ ಮಗು ಮಲಗಿತ್ತು. ಆ ಅಧಿಕಾರಿ ಮಗುವನ್ನು ತಾನೇ ಎತ್ತಿ, ನೆಲದ ಮೇಲೆ ಮೆಲ್ಲಗೆ ಮಲಗಿಸಿ, ಆಮೇಲೆ ತೊಟ್ಟಿಲು ಹೊರಿಸಿಕೊಂಡು ಹೋದ. ಎಂಥಾ ಮರ್ಯಾದಸ್ಥ ನೋಡಿ. ಹಾಗೆ ನೆಲ ಕಂಡ ಮಗು ನಮ್ಮ ಅಜ್ಜ. ಮುದುಕನಾದ ಮೇಲೂ ಅವನು ಮಂಚದ ಮೇಲೆ ಮಲಗಲಿಲ್ಲ. ‘ನನ್ನನ್ನ ಕೆಳಗೆ ಹಾಕಿದವರೇ ಬಂದು ಎತ್ತಲಿ, ಆಮೇಲೆ ನೋಡೋಣ’ ಎನ್ನುತ್ತಿದ್ದ, ನಗುತ್ತಲೇ. ನಮಗೂ ನಗು ಬರುತ್ತಿತ್ತು. ಅವನು ಸತ್ತಿದ್ದೂ ನೆಲದ ಮೇಲೆಯೇ.

ಆಳುವವರು ಹೋದರು. ತೊಟ್ಟಿಲು ಅವರು ಕಟ್ಟಿಸಿದ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಉಳಿಯಿತು. ನಾವು ಚಿಕ್ಕವರಿದ್ದಾಗ ಶಾಲೆಯವರು ಕರೆದುಕೊಂಡು ಹೋಗಿದ್ದರು. ಎಲ್ಲರೂ ಕತ್ತಿ, ಕಿರೀಟ ನೋಡುತ್ತಿದ್ದರೆ ಅಣ್ಣ ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟ. ‘ಏ, ಮೊಳೆ ನೋಡೇ. ನಮ್ಮವು’ ಎಂದ.

ಮೊಳೆ ಎಂದರೆ ಮರದ ಮೊಳೆ. ನಮ್ಮ ಮನೆತನದ ಮೊಳೆಗೆ ಎಂಟು ಮುಖ, ತುದಿಗೆ ಹೋದಂತೆ ಸಣ್ಣ. ಊರಿನಲ್ಲಿ ಬೇರೆ ಯಾರೂ ಹಾಗೆ ಕೆತ್ತುವುದಿಲ್ಲ. ಅದನ್ನು ಹೊಡೆಯುವ ಮುಂಚೆ ತುಟಿಯ ನಡುವೆ ಇಟ್ಟುಕೊಂಡು ಎಂಜಲಿನಿಂದ ಒದ್ದೆ ಮಾಡಬೇಕು. ಒದ್ದೆಯಾದ ಮೊಳೆ ತೂತಿನೊಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಗೋಂದು ಬೇಡ. ನೀರಿನಲ್ಲಿ ಅದ್ದಿದರೆ ಮರ ಹೆಚ್ಚು ಕುಡಿದು, ಒಣಗಿದ ಮೇಲೆ ಸಡಿಲವಾಗುತ್ತದೆ. ಬಾಯಿಯ ತೇವವೇ ಅದಕ್ಕೆ ಸರಿಯಾದ ಹದ. ಮುತ್ತಜ್ಜನಿಂದ ಅಜ್ಜ, ಅಜ್ಜನಿಂದ ಅಪ್ಪ, ಅಪ್ಪನಿಂದ ಅಣ್ಣ ಕಲಿತದ್ದು ಇದೇ.

ಮನೆಯಲ್ಲೇ ನಮ್ಮ ಮರಗೆಲಸದ ಅಂಗಡಿ. ಮುಂದಿನ ಕೋಣೆಯಲ್ಲಿ ನಾನು ಹಾಸಿಗೆ, ಕುರ್ಚಿಯ ಮೆತ್ತೆ ಹೊಲಿಯುತ್ತೇನೆ, ಗಿರಾಕಿಗಳ ಜೊತೆ ಜಗಳ ಆಡುತ್ತೇನೆ. ಹಿಂದಿನ ಕೋಣೆ ಅಣ್ಣನದಾಗಿತ್ತು. ಅವನ ಬಾಯಲ್ಲಿ ಯಾವಾಗಲೂ ನಾಲ್ಕೈದು ಮೊಳೆ ಇರುತ್ತಿದ್ದವು. ‘ನಿಮ್ಮ ಅಣ್ಣ ಬಹಳ ಗಂಭೀರ’ ಎಂದು ಯಾರಾದರೂ ಹೊಗಳಿದರೆ, ‘ಗಂಭೀರ ಏನಿಲ್ಲ, ಬಾಯಿ ಖಾಲಿ ಇಲ್ಲ ಅಷ್ಟೆ’ ಎನ್ನುತ್ತಿದ್ದೆ. ಅತ್ತಿಗೆ ಬದುಕಿದ್ದಾಗ, ಈ ಮನುಷ್ಯನ ಜೊತೆ ಜಗಳ ಆಡಬೇಕಾದರೂ ಊಟದ ಹೊತ್ತಿನ ತನಕ ಕಾಯಬೇಕಲ್ಲ ಎಂದು ಗೊಣಗುತ್ತಿದ್ದಳು. ಅವನ ಮಾತುಗಳನ್ನೆಲ್ಲ ನಾನೇ ಆಡಿ ಮುಗಿಸುತ್ತಿದ್ದೆ. ನಿರ್ದೇಶಕರ ಬಾಗಿಲಿಗೆ ಅವನು ಹೋಗದೆ ನಾನು ಹೋಗಿದ್ದು ಅದಕ್ಕೇ.

ಐದನೆಯವರು ಬಂದ ಹೊಸದರಲ್ಲೇ ನನಗೆ ಫೋನ್ ಮಾಡಿದರು. ‘ಅಮ್ಮಾ, ನಿಮ್ಮ ತೊಟ್ಟಿಲು ಈಗ ಮೇಲಿಲ್ಲ, ಉಗ್ರಾಣದಲ್ಲಿದೆ. ಬಂದು ನೋಡ್ತೀರಾ?’ ನಿಮ್ಮ ತೊಟ್ಟಿಲು ಎಂಬ ಮಾತು ಆ ಕಟ್ಟಡದಿಂದ ಬಂದದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಫೋನ್ ಇಟ್ಟ ಮೇಲೆ ಕಣ್ಣು ಒರೆಸಿಕೊಂಡೆ.

ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಕಬ್ಬಿಣದ ಕಪಾಟುಗಳ ಸಾಲು, ಪ್ರತಿ ವಸ್ತುವಿಗೂ ದಾರ ಕಟ್ಟಿದ ಚೀಟಿ, ಗುಂಯ್ ಎನ್ನುವ ಟ್ಯೂಬ್‌ಲೈಟು. ಒಳಗೆ ಕಾಲಿಟ್ಟ ಕೂಡಲೇ ನನಗೆ ಸರಿ ಅನಿಸಲಿಲ್ಲ. ಇಷ್ಟು ಮರ ಇರುವ ಜಾಗದಲ್ಲಿ ಮರದ ವಾಸನೆ ಇಲ್ಲ. ಮೂಲೆಯಲ್ಲಿ ಜೇಡನ ಬಲೆಯಿಲ್ಲ, ಗೋಡೆಯ ಮೇಲೆ ಹಲ್ಲಿಯಿಲ್ಲ. ನೆಲಮಾಳಿಗೆ ಎಂದ ಮೇಲೆ ಒಂದು ಜಿರಲೆಯಾದರೂ ಬೇಡವೇ? ಚೊಕ್ಕಟವಾಗಿದೆ ಎಂದು ಮೆಚ್ಚಬೇಕೋ ಏನೋ, ನಾನು ಮಾತ್ರ ಸೆರಗು ಬಿಗಿಯಾಗಿ ಹೊದ್ದುಕೊಂಡೆ.

ನಿರ್ದೇಶಕರು ಸಣಕಲು ಮನುಷ್ಯ, ಮೆತ್ತಗಿನ ಮಾತು, ಮಾತಿಗೊಮ್ಮೆ ಕನ್ನಡಕ ಒರೆಸುವ ಚಾಳಿ. ಎರಡೂ ಕೈಗೆ ಬಿಳಿ ಗವಸು. ಅದನ್ನು ನೋಡಿಯೇ ನನ್ನ ಪಿತ್ತ ನೆತ್ತಿಗೇರಿತು. ನಮ್ಮ ವಸ್ತು ಮುಟ್ಟಲು ಇವರಿಗೆ ಗವಸು ಬೇಕು, ನಾವೇನು ಅಂಟುರೋಗದವರೇ ಎಂದುಕೊಂಡೆ.

ಕೊನೆಯ ಸಾಲಿನಲ್ಲಿ, ಕೆಳಗಿನ ಹಲಗೆಯ ಮೇಲೆ ತೊಟ್ಟಿಲಿತ್ತು. ಅದರೊಳಗೆ, ನಮ್ಮ ಅಜ್ಜ ಮಲಗಿದ್ದ ಜಾಗದಲ್ಲಿ, ಒಂದು ಸಕ್ಕರೆ ಡಬ್ಬಿ, ಎರಡು ಲೋಟ, ಬಿಸ್ಕತ್ತಿನ ಪೊಟ್ಟಣ.

‘ಏನಿದು?’ ಎಂದೆ. ‘ಇದೇನು ನಿಮ್ಮ ಅಡುಗೆಮನೆಯಾ?’

ಉಗ್ರಾಣ ನೋಡಿಕೊಳ್ಳುವವನು ಓಡಿ ಬಂದು ಡಬ್ಬಿ ಎತ್ತಿಕೊಂಡ. ‘ಕೋಪ ಮಾಡ್ಕೋಬೇಡಿ ಅಕ್ಕಾ. ಕಟ್ಟಡದಲ್ಲೆಲ್ಲ ಇರುವೆ ಕಾಟ. ಇದೊಂದಕ್ಕೆ ಮಾತ್ರ ಹತ್ತಲ್ಲ. ಅದಕ್ಕೇ ಇಲ್ಲಿ ಇಡ್ತೀವಿ.’

‘ಇಡ್ತೀರಿ ಇಡ್ತೀರಿ. ನಾಳೆ ಹಾಲೂ ಕಾಯ್ಸಿ.’

‘ನನಗಿಂತ ಮುಂಚೆ ಇದ್ದವನೂ ಇಲ್ಲೇ ಇಡ್ತಿದ್ದ ಅಕ್ಕಾ.’

ನಿರ್ದೇಶಕರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ‘ಅವನು ಈಗ ಎಲ್ಲಿದಾನೆ?’ ಎಂದು ಕೇಳಿದರು.

‘ಹೋಗ್ಬಿಟ್ಟ ಸಾರ್. ಅದೇನೋ ಹೊಟ್ಟೆನೋವು, ಕೈ ಕಾಲು ಮರಗಟ್ಟೋದು. ಪಾಪ, ಅಂಥಾ ವಯಸ್ಸೂ ಆಗಿರಲಿಲ್ಲ.’

ನಾನು ಬೈಯುತ್ತಲೇ ಇದ್ದೆ. ನಿರ್ದೇಶಕರು ನನ್ನ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಡಬ್ಬಿಯನ್ನೂ ಒಮ್ಮೆ ತೊಟ್ಟಿಲನ್ನೂ ನೋಡಿ, ಬಿಸ್ಕತ್ತು ಎಸೆದುಬಿಡು, ಕೈ ತೊಳೆದುಕೋ ಎಂದು ಅವನಿಗೆ ಹೇಳಿದರು. ನಾನು ಮುಟ್ಟಲು ಬಗ್ಗಿದಾಗ ನನ್ನ ಮುಂಗೈ ಹಿಡಿದುಬಿಟ್ಟರು. ‘ಬೇಡ ಅಮ್ಮಾ, ಈಗ ಬೇಡ.’ ನನ್ನ ಮುತ್ತಜ್ಜ ಮಾಡಿದ ತೊಟ್ಟಿಲನ್ನು ನಾನು ಮುಟ್ಟಬಾರದಂತೆ. ಮನೆಗೆ ಬಂದು ಅಣ್ಣನ ಮುಂದೆ ಎಲ್ಲ ಕಕ್ಕಿದೆ. ಅವನು ಮೊಳೆಗಳನ್ನು ಬಾಯಿಂದ ತೆಗೆದು, ‘ಸಡಿಲ ಆಗಿದೆಯಾ?’ ಎಂದಷ್ಟೇ ಕೇಳಿ ಮತ್ತೆ ಬಾಯಿಗೆ ಹಾಕಿಕೊಂಡ.

ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಇವರೂ ನಾಳೆ ಸಾಹೇಬರ ತಮ್ಮನೇ ಎಂದು ತೀರ್ಮಾನ ಮಾಡಿದೆ. ಅಷ್ಟರಲ್ಲಿ ಅಣ್ಣನ ಮಗಳು ಹೆರಿಗೆಗೆಂದು ನಮ್ಮ ಮನೆಗೆ ಬಂದಳು. ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಹುಟ್ಟಲಿರುವ ಮಗು. ನನ್ನ ತಲೆಯಲ್ಲಿ ಒಂದೇ ಚಿತ್ರ ಕೂತುಬಿಟ್ಟಿತು: ಆ ಮಗು ಆ ತೊಟ್ಟಿಲಲ್ಲಿ ಮಲಗಬೇಕು. ಅಜ್ಜನನ್ನು ನೆಲಕ್ಕಿಳಿಸಿದ್ದಕ್ಕೆ ಲೆಕ್ಕ ಚುಕ್ತಾ ಆಗಬೇಕು. ನಾನು ಹತ್ತಿ ಬಿಡಿಸಿ, ತೊಟ್ಟಿಲ ಅಳತೆಗೆ ಒಂದು ಪುಟ್ಟ ಹಾಸಿಗೆ ಹೊಲಿಯಲು ಕೂತೆ.

ಹಾಸಿಗೆಯ ಕೊನೆಯ ಹೊಲಿಗೆ ಹಾಕುತ್ತಿದ್ದಾಗಲೇ ನಿರ್ದೇಶಕರು ಅಂಗಡಿಗೆ ಬಂದರು. ಜೊತೆಗೆ ಯಾರೂ ಇಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಕನ್ನಡಕ ಒರೆಸಿದರು. ಹಿಂದಿನ ಕೋಣೆಯಿಂದ ಅಣ್ಣನೂ ಬಂದು ಬಾಗಿಲಿಗೆ ಒರಗಿ ನಿಂತ, ತುಟಿಯಲ್ಲಿ ಮೊಳೆಗಳು.

‘ತೊಟ್ಟಿಲನ್ನ ಪರೀಕ್ಷೆ ಮಾಡಿಸ್ದೆ’ ಎಂದರು. ‘ಅವತ್ತು ನಮ್ಮ ಉಗ್ರಾಣದವನು ಇರುವೆ ಹತ್ತಲ್ಲ ಅಂದನಲ್ಲ, ಅದು ತಲೇಲಿ ಕೊರೀತಾ ಇತ್ತು. ಅದರ ತುಂಬ ವಿಷ ಇದೆ ಅಮ್ಮಾ. ಆರ್ಸೆನಿಕ್ಕು. ಪಾಷಾಣ ಅಂತಾರಲ್ಲ, ಅದೇ.’

‘ಯಾರು ಹಾಕಿದ್ದು?’

‘ನಾವೇ. ನನಗಿಂತ ಮುಂಚೆ ಇದ್ದವರು. ಹುಳ ಹಿಡೀಬಾರದು ಅಂತ ವರ್ಷಾ ವರ್ಷಾ ಬಳೀತಾ ಬಂದಿದಾರೆ. ಅದನ್ನೇ ಕಾಳಜಿ ಅಂದ್ಕೊಂಡಿದ್ರು. ಸಂದಿಗಳಿಗಂತೂ ಪುಡಿ ಮಾಡಿ ತುಂಬಿದಾರೆ, ಹುಳ ಅಲ್ಲಿಂದಲೇ ಒಳಗೆ ಹೋಗೋದು ಅಂತ.’

ನನಗೆ ಕೋಪಕ್ಕಿಂತ ಮುಂಚೆ ನಗು ಬಂತು. ‘ಚಾವಣಿ ಆಯ್ತು, ಗೆದ್ದಲು ಆಯ್ತು, ಈಗ ವಿಷ. ಸಾರ್, ನಮ್ಮ ಕಿವಿ ಮೇಲೆ ಇನ್ನೂ ಎಷ್ಟು ಹೂವು ಇಡ್ತೀರಿ? ಜಾಗಾನೇ ಉಳಿದಿಲ್ಲ.’

‘ನೀವು ನಂಬಲ್ಲ ಅಂತ ಗೊತ್ತು. ನಾಲ್ಕು ಜನ ಸುಳ್ಳು ಹೇಳಿದ ಕುರ್ಚೀಲಿ ಕೂತು ನಾನು ನಿಜ ಹೇಳ್ತಿದೀನಿ. ನಂಬಿ ಅಂತ ಕೇಳೋಕೆ ನನಗೆ ಮುಖ ಇಲ್ಲ.’

‘ತೊಟ್ಟಿಲು ನಮ್ಮದು, ವಿಷ ನಿಮ್ಮದು. ನಿಮ್ಮದನ್ನ ನೀವು ತೆಕ್ಕೊಂಡು ನಮ್ಮದನ್ನ ಕೊಡಿ.’

‘ತೆಗೆಯೋಕಾಗಲ್ಲ ಅಮ್ಮಾ. ಮರದೊಳಗೆ ಇಳಿದುಬಿಟ್ಟಿದೆ. ಮೇಲಿಂದ ಸ್ವಲ್ಪ ಒರೆಸಬಹುದು, ಅಷ್ಟೇ.’ ಅವರು ಧ್ವನಿ ಇನ್ನೂ ತಗ್ಗಿಸಿದರು. ‘ನಮ್ಮ ಆಡಳಿತ ಮಂಡಳಿಯವರಿಗೆ ಇದು ಗೊತ್ತಾದಾಗ ಎಷ್ಟು ಖುಷಿಪಟ್ರು ಗೊತ್ತಾ? ಒಳ್ಳೇದೇ ಆಯ್ತು, ಅಪಾಯ ಅಂತ ಹೇಳಿ ಇಟ್ಕೊಂಡುಬಿಡೋಣ, ಇನ್ಯಾರೂ ಕೇಳಲ್ಲ ಅಂದ್ರು. ನಾನು ಒಪ್ಪಲಿಲ್ಲ. ನಾವು ಕೆಡಿಸಿದೀವಿ ಅನ್ನೋದೇ ನಾವು ಇಟ್ಕೊಳ್ಳೋಕೆ ಕಾರಣ ಆಗಬಾರದು. ಜಗಳ ಆಡಿ ಒಪ್ಪಿಸಿದೀನಿ. ತೊಟ್ಟಿಲು ನಿಮ್ಮ ಮನೆಗೆ ಬರುತ್ತೆ.’

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಾಗ ಕುಣಿಯಬೇಕೆನಿಸುತ್ತದೆ ಎಂದುಕೊಂಡಿದ್ದೆ. ಕುಣಿಯಲಿಲ್ಲ; ಹಾಸಿಗೆಯ ಕೊನೆಯ ದಾರಕ್ಕೆ ಗಂಟು ಹಾಕಿದೆ.

‘ಒಂದೇ ಒಂದು ಮಾತು’ ಎಂದರು ನಿರ್ದೇಶಕರು. ಅವರ ಕಣ್ಣು ನನ್ನ ಮಡಿಲಲ್ಲಿದ್ದ ಪುಟ್ಟ ಹಾಸಿಗೆಯ ಮೇಲಿತ್ತು. ‘ಮಗೂನ ಅದರಲ್ಲಿ ಮಲಗಿಸಬಾರದು. ಒಂದು ಗಳಿಗೆಗೂ ಬೇಡ. ಮಕ್ಕಳು ಸಿಕ್ಕಿದ್ದನ್ನೆಲ್ಲ ಚೀಪ್ತಾವೆ. ಗಾಜಿನ ಪೆಟ್ಟಿಗೆ ಮಾಡಿ ಒಳಗಿಡಿ. ಇಡುವಾಗಲೂ ಬರಿಗೈಲಿ ಮುಟ್ಟಬೇಡಿ, ನಾನು ಗವಸು ಕೊಡ್ತೀನಿ.’

ಅಣ್ಣ ತಲೆಯಾಡಿಸಿದ. ಬಾಯಿಯ ಮೊಳೆಗಳನ್ನು ಒಂದು ಕೆನ್ನೆಗೆ ಸರಿಸಿ, ‘ಪೆಟ್ಟಿಗೆ ನಾನು ಮಾಡ್ತೀನಿ ಸಾರ್. ಮಗು ಹತ್ರ ಬಿಡಲ್ಲ’ ಎಂದ. ನಿರ್ದೇಶಕರು ಅವನ ಮುಖವನ್ನೇ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಆ ಮೊಳೆಗಳು ನಮ್ಮಿಬ್ಬರ ಕಣ್ಣಿಗೂ ಬಿದ್ದವು. ನಮ್ಮ ತಲೆಯಲ್ಲಿದ್ದದ್ದು ಮಗು ಮಾತ್ರ.

ನಾನು ಒಪ್ಪಿದೆ ಎಂದೆ. ಒಳಗೊಳಗೆ ಒಪ್ಪಿರಲಿಲ್ಲ. ದಿನಾ ಮಲಗಿಸುವುದು ಬೇಡ, ಒಂದೇ ಒಂದು ಸಲ, ಒಂದು ಫೋಟೋ ತೆಗೆಯುವಷ್ಟು ಹೊತ್ತು, ಕೆಳಗೆ ದಪ್ಪ ಹಾಸಿಗೆ ಹಾಕಿ. ಅದರಿಂದ ಏನಾಗುತ್ತದೆ? ಅಣ್ಣನ ಮಗಳ ಹತ್ತಿರ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

‘ಅತ್ತೇ, ನಿನ್ನ ಹಠ ನನ್ನ ಮಗು ಮೇಲೆ ತೀರಿಸ್ಕೋಬೇಡ.’

‘ಹಠ ಅಲ್ವೇ. ನಮ್ಮಜ್ಜನ, ನಿನ್ನ ಮುತ್ತಜ್ಜನ ಋಣ.’

‘ಮುತ್ತಜ್ಜ ನೆಲದ ಮೇಲೆ ಮಲಗಿ ಬದುಕಿದ್ರು ತಾನೇ? ಇದೂ ಬದುಕುತ್ತೆ ಬಿಡು.’

ಹಾಗೆ ಅನ್ನಿಸಿಕೊಂಡ ಮೇಲೆ ನನಗೆ ಇನ್ನಷ್ಟು ಹಠ ಬಂತು.

ಮಗು ಹುಟ್ಟಿತು. ಗಂಡು, ಕಿವಿ ಮಾತ್ರ ಅಣ್ಣನದೇ, ಅಗಲ. ತಾಯಿ ಮಗು ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಸಂಗ್ರಹಾಲಯದ ಗಾಡಿ ನಮ್ಮ ಬೀದಿಗೆ ಬಂತು. ಹಾರ, ಭಾಷಣ ಏನೂ ಬೇಡ ಎಂದು ನಿರ್ದೇಶಕರೇ ಹೇಳಿದ್ದರಂತೆ. ಗವಸು ತೊಟ್ಟ ಇಬ್ಬರು ಆಳುಗಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ತೊಟ್ಟಿಲನ್ನು ಇಳಿಸಿ ಹಿಂದಿನ ಕೋಣೆಯಲ್ಲಿಟ್ಟರು. ನಿರ್ದೇಶಕರು ಅಣ್ಣನಿಗೆ ನೀಲಿ ರಬ್ಬರ್ ಗವಸಿನ ಡಬ್ಬಿ ಕೊಟ್ಟು, ಹಾಕಿಕೊಳ್ಳುವುದು, ಬಿಚ್ಚುವುದು, ಎಸೆಯುವುದು ಎಲ್ಲವನ್ನೂ ಮಾಡಿ ತೋರಿಸಿದರು. ಅಣ್ಣ ಶಾಲೆಯ ಹುಡುಗನ ಹಾಗೆ ಅವರೆದುರೇ ಒಂದು ಸಲ ಹಾಕಿ ಬಿಚ್ಚಿದ. ಹೊರಡುವಾಗ ಅವರು ನನ್ನ ಹತ್ತಿರ ಬಂದು, ‘ನಾಳೆ ಮಧ್ಯಾಹ್ನ ಬಂದು ಮಗು ನೋಡ್ಕೊಂಡು ಹೋಗ್ಲಾ?’ ಎಂದರು. ನನ್ನನ್ನು ನಂಬಿರಲಿಲ್ಲ ಆ ಮನುಷ್ಯ. ನಂಬದೇ ಇದ್ದದ್ದು ಸರಿಯಾಗಿಯೇ ಇತ್ತು.

ಮಾರನೆಯ ಬೆಳಗ್ಗೆ ಅಣ್ಣ ಮಗಳನ್ನು ಕರೆತರಲು ಆಸ್ಪತ್ರೆಗೆ ಹೋದ. ನಾನು ಪುಟ್ಟ ಹಾಸಿಗೆ ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಕೋಣೆಗೆ ಹೋದೆ. ಪ್ಲಾಸ್ಟಿಕ್ ಹಾಳೆ ಸರಿಸಿದೆ. ಎಂಥ ಕೆಲಸ ಅಂತೀರಿ. ಪಕ್ಕದ ಹಲಗೆಯ ಮೇಲೆ ಬಳ್ಳಿ, ಬಳ್ಳಿಯ ನಡುವೆ ಹಕ್ಕಿ, ಒಂದು ಹಕ್ಕಿಯ ಕಣ್ಣಿನ ಜಾಗದಲ್ಲಿ ಮೊಳೆಯ ತಲೆ. ನಮ್ಮ ಮುತ್ತಜ್ಜ ತಮಾಷೆಯ ಮನುಷ್ಯನಾಗಿದ್ದಿರಬೇಕು. ಹಾಸಿಗೆ ಹಾಸಲು ಬಗ್ಗಿದವಳು ಯಾಕೋ ನಿಂತೆ. ಆ ಉಗ್ರಾಣದವನ ಮಾತು ಕಿವಿಯಲ್ಲಿ ಹಾಗೇ ಇತ್ತು.

ನಮ್ಮ ಕೋಣೆಯ ಕಿಟಕಿಯಿಂದ ಇರುವೆ ಸಾಲು ಇಳಿಯುವುದು ಹೊಸದಲ್ಲ. ಅಣ್ಣನ ಚಹಾ ಲೋಟಕ್ಕೆ ಮುತ್ತುತ್ತಲೇ ಇರುತ್ತವೆ. ನಾನು ಅಡುಗೆಮನೆಯಿಂದ ಸಕ್ಕರೆ ತಂದು, ತೊಟ್ಟಿಲ ಅಂಚಿನ ಮೇಲೆ ಒಂದು ಚಿಟಿಕೆ, ಪಕ್ಕದ ಹಳೆಯ ಸ್ಟೂಲಿನ ಮೇಲೆ ಒಂದು ಚಿಟಿಕೆ ಉದುರಿಸಿ, ಬಾಗಿಲಲ್ಲಿ ಕೂತು ನೋಡಿದೆ.

ಸ್ಟೂಲಿಗೆ ಮೊದಲು ಒಂದು ಬಂತು, ಆಮೇಲೆ ಹತ್ತು, ಆಮೇಲೆ ಕರ್ರಗೆ ಸಾಲು. ಅದೇ ಸಾಲಿನಿಂದ ಕೆಲವು ತೊಟ್ಟಿಲ ಕಡೆಗೂ ಹೊರಟವು. ಅಡಿಯ ಪಟ್ಟಿಯವರೆಗೆ ಬಂದವು, ಮೀಸೆ ಆಡಿಸಿದವು, ತಿರುಗಿದವು. ಮತ್ತೆ ಕೆಲವು ಬಂದವು, ತಿರುಗಿದವು. ಒಂದು ಮಾತ್ರ ಹತ್ತಿತು. ಹಕ್ಕಿಯ ತನಕ ಹೋಗಿ, ಅಲ್ಲೇ ಸುತ್ತು ಹೊಡೆದು, ಕಾಲು ಮುದುರಿ ಕೆಳಗೆ ಬಿತ್ತು. ನಾನು ಬಗ್ಗಿ ನೋಡಿದೆ. ಅದು ಮತ್ತೆ ಏಳಲಿಲ್ಲ.

ಪುಟ್ಟ ಹಾಸಿಗೆಯನ್ನು ಎದೆಗೆ ಅವುಚಿಕೊಂಡು ಮುಂದಿನ ಕೋಣೆಗೆ ಬಂದು, ಕಪಾಟಿನ ಮೇಲೆ ಎತ್ತಿಟ್ಟುಬಿಟ್ಟೆ. ಐದನೆಯವರು ನಿಜ ಹೇಳಿದ್ದರು. ನೂರು ವರ್ಷದಿಂದ ನಾವು ವಾಪಸು ಕೇಳುತ್ತಿದ್ದ ತೊಟ್ಟಿಲನ್ನು ಅವರು ಅಷ್ಟೂ ವರ್ಷ ಸ್ವಲ್ಪ ಸ್ವಲ್ಪವಾಗಿ ಕೊಲ್ಲುವ ವಸ್ತು ಮಾಡುತ್ತಾ ಬಂದಿದ್ದರು. ಕೂತು ಅತ್ತೆ. ಅಜ್ಜನಿಗಾಗಿ ಅತ್ತೆನೋ, ನಾನು ಮಾಡಲಿದ್ದ ಕೆಲಸ ನೆನೆದು ಅತ್ತೆನೋ, ಎರಡೂ ಇರಬೇಕು.

ಮಗು ಮನೆಗೆ ಬಂತು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆಯ ಮೇಜಿನ ಪಕ್ಕ ಮಂಚ ಹಾಕಿ ತಾಯಿಯನ್ನೂ ಮಗುವನ್ನೂ ಮಲಗಿಸಿದೆವು. ಅಣ್ಣ ಮೊಮ್ಮಗನ ಕಿವಿ ಮುಟ್ಟಿ ನೋಡಿ, ನಕ್ಕು, ಕೆಲಸಕ್ಕೆ ಹೋದ. ‘ಗಾಜಿನ ಪೆಟ್ಟಿಗೆಗೆ ಚೌಕಟ್ಟು ಕೂರಿಸ್ತೀನಿ. ತೊಟ್ಟಿಲೂ ಅಲ್ಲಾಡ್ತಿದೆ, ಗಾಡಿಯಲ್ಲಿ ಬರುವಾಗ ಸಡಿಲ ಆಗಿದೆ’ ಎಂದ.

‘ಮುಟ್ಟಬೇಡ ಅಣ್ಣಾ. ನಿಜವಾಗ್ಲೂ ವಿಷ ಇದೆ. ನಾನು ಕಣ್ಣಾರೆ ನೋಡ್ದೆ.’

‘ಗವಸು ಹಾಕ್ಕೋತೀನಿ ಬಿಡೇ. ಅಲ್ಲಾಡೋ ತೊಟ್ಟಿಲನ್ನ ಗಾಜಿನೊಳಗಿಟ್ರೆ ಮುತ್ತಜ್ಜ ನನ್ನನ್ನ ಬಡಗಿ ಅಂತಾನಾ?’

ಡಬ್ಬಿಯಿಂದ ಹೊಸ ಗವಸು ತೆಗೆದು, ನಿರ್ದೇಶಕರು ತೋರಿಸಿದ ಹಾಗೆಯೇ ಮುಂಗೈ ತನಕ ಎಳೆದುಕೊಂಡು, ನನಗೆ ತೋರಿಸಿ, ಒಳಗೆ ಹೋದ. ಮಗುವಿಗೆ ಮರದ ಹೊಟ್ಟು ತಾಗದಿರಲಿ ಎಂದು ಬಾಗಿಲೂ ಹಾಕಿಕೊಂಡ. ಕೊಡತಿಯ ಸದ್ದು ಶುರುವಾಯಿತು. ಟಕ್, ಟಕ್, ಸ್ವಲ್ಪ ನಿಲ್ಲುವುದು, ಮತ್ತೆ ಟಕ್. ಹುಟ್ಟಿದಾಗಿನಿಂದ ಕೇಳಿದ ಸದ್ದು. ಮಗು ಅದನ್ನು ಕೇಳುತ್ತಾ ನಿದ್ದೆ ಹೋಯಿತು.

ಮಧ್ಯಾಹ್ನ ನಿರ್ದೇಶಕರು ಬಂದರು. ಬಾಗಿಲಲ್ಲೇ ನಿಂತು ಮೊದಲು ಮಗು ಎಲ್ಲಿದೆ ಎಂದು ನೋಡಿದರು. ಮಂಚದ ಮೇಲೆ, ತಾಯಿಯ ಪಕ್ಕ. ನಾನು ಕಪಾಟಿನ ಮೇಲಿದ್ದ ಹಾಸಿಗೆ ತೋರಿಸಿದೆ.

‘ನಂಬ್ದೆ ಸಾರ್’ ಎಂದೆ. ‘ಇರುವೆ ಹೇಳಿದ ಮೇಲೆ ನಂಬ್ದೆ. ನಿಮ್ಮ ಮಾತಿಗಲ್ಲ.’

ಆ ಮನುಷ್ಯ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಒಂದು ಗಿಲಕಿ ತೆಗೆದು ಮಗುವಿನ ತಲೆದೆಸೆಯಲ್ಲಿಟ್ಟರು. ನಾನು ಚಹಾ ಕೊಟ್ಟೆ. ಅವರು ಅವತ್ತು ಮೊದಲ ಸಲ ನಗುವುದನ್ನು ನೋಡಿದೆ. ‘ಎಷ್ಟು ದಿನದಿಂದ ನಿದ್ದೆ ಇಲ್ಲ ಅಮ್ಮಾ. ಕೊಟ್ರೆ ಒಂದು ತಪ್ಪು, ಕೊಡದಿದ್ರೆ ಇನ್ನೊಂದು. ಈ ಮಗುವಿಗೆ ಏನಾದ್ರೂ ಆಗಿದ್ರೆ ನಾನು...’ ಎಂದು ಅರ್ಧಕ್ಕೇ ನಿಲ್ಲಿಸಿದರು. ನನಗೆ ಅವರ ಮೇಲೆ ಅಕ್ಕರೆ ಬಂತು. ಗವಸಿನ ವಿಷಯಕ್ಕೆ ನಾನು ಬೈದದ್ದನ್ನೆಲ್ಲ ಹೇಳಿ ನಗಿಸಿದೆ.

‘ಅಣ್ಣ ಎಲ್ಲಿ?’ ಎಂದರು.

‘ಒಳಗೆ. ನಿಮ್ಮ ಗವಸು ಹಾಕ್ಕೊಂಡೇ ಕೆಲಸ ಮಾಡ್ತಿದಾನೆ. ಬನ್ನಿ ತೋರಿಸ್ತೀನಿ, ನೀವು ಹೇಳಿದ್ದನ್ನ ನಮ್ಮ ಮನೇಲಿ ಒಬ್ಬರಾದ್ರೂ ಕೇಳ್ತಾರೆ.’

ಬಾಗಿಲು ತಳ್ಳಿದೆ.

ಅಣ್ಣ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದ. ತೊಟ್ಟಿಲನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಕೊನೆಯ ಮೂಲೆಗೆ ಬಂದಿದ್ದ. ಎರಡೂ ಕೈಗೆ ನೀಲಿ ಗವಸು, ಒಂದು ಸುಕ್ಕಿಲ್ಲ. ತುಟಿಯ ನಡುವೆ ಮೂರು ಮೊಳೆ.

ನಿರ್ದೇಶಕರು ಏನೋ ಹೇಳಿದರು, ಅಥವಾ ಹೇಳಲು ಹೋದರು. ಅಣ್ಣ ತಾಳಿ ಎಂದು ನೀಲಿ ಕೈಯೆತ್ತಿ ಸನ್ನೆ ಮಾಡಿ, ಒಂದು ಮೊಳೆಯನ್ನು ತುಟಿಯಿಂದ ಎಳೆದು ತೂತಿಗಿಟ್ಟು ಕೊಡತಿಯಲ್ಲಿ ಬಡಿದ. ಇನ್ನೊಂದು. ಕೊನೆಯದನ್ನು ನಾಲಗೆಯ ಮೇಲೆ ಒಮ್ಮೆ ಹೊರಳಿಸಿ ನೆನೆಸಿಕೊಂಡು, ಅದನ್ನೂ ಬಡಿದ. ಬೆರಳ ತುದಿಯಿಂದ ತೊಟ್ಟಿಲನ್ನು ತಳ್ಳಿದ. ಒಂದಿಷ್ಟೂ ಸದ್ದಿಲ್ಲದೆ ತೂಗಿತು.

‘ಆ ಮೊಳೆಗಳು...’ ಎಂದರು ನಿರ್ದೇಶಕರು. ಗೋಡೆ ಹಿಡಿದುಕೊಂಡಿದ್ದರು. ‘ಹಳೇವಾ?’

‘ಮತ್ತೆ?’ ಎಂದ ಅಣ್ಣ. ಬಾಯಿ ಖಾಲಿಯಾಗಿತ್ತು, ಮುಖ ಹಿಗ್ಗಿತ್ತು. ‘ಮುತ್ತಜ್ಜನವೇ ಸಾರ್, ಎಲ್ಲಾನೂ. ಒಂದೂ ಮುರಿದಿಲ್ಲ ನೋಡಿ. ಸಂದಿಯಲ್ಲಿ ಏನೋ ಸುಣ್ಣದ ಹಾಗೆ ಬೆಳ್ಳಗೆ ಗಟ್ಟಿ ಕಟ್ಟಿತ್ತು. ಗವಸಲ್ಲಿ ಕೆರೆಯೋಕೆ ಬರಲ್ಲ, ಜಾರುತ್ತೆ. ಬಾಯಲ್ಲಿಟ್ಕೊಂಡೆ, ತಾನಾಗೇ ಕರಗಿ ಹೋಯ್ತು.’

ಮಗು, ಮಗು ಎಂದು ನಾವೆಲ್ಲ ಒಂದೇ ಕಡೆ ಕಾವಲು ಕೂತಿದ್ದೆವು. ನಿರ್ದೇಶಕರು ‘ಗಾಡಿ, ಗಾಡಿ ತರ್ತೀನಿ’ ಎನ್ನುತ್ತಾ ಮುಂದಿನ ಕೋಣೆಯ ಸ್ಟೂಲಿಗೆ ಎಡವಿ ಬೀದಿಗೆ ಓಡಿದರು. ಅಣ್ಣ ಅವರು ಹೋದ ದಾರಿಯನ್ನೂ ನನ್ನ ಮುಖವನ್ನೂ ನೋಡಿದ. ಅವನ ಮುಖದ ಹಿಗ್ಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

‘ಯಾಕೇ ಹೀಗೆ ನೋಡ್ತಿದೀಯ?’ ಎಂದ. ಎರಡೂ ಕೈ ಎತ್ತಿ ಗವಸು ತೋರಿಸಿದ. ‘ಅವರು ಹೇಳಿದ ಹಾಗೇ ಮಾಡಿದೀನಿ ಕಣೇ. ಕೈ ಮುಟ್ಟಿಸೇ ಇಲ್ಲ.’

ಜನ್ಮದಲ್ಲಿ ಮೊದಲ ಸಲ ಅವನೇ ಮಾತಾಡುತ್ತಿದ್ದ, ನಾನು ಸುಮ್ಮನಿದ್ದೆ. ಮುಂದಿನ ಕೋಣೆಯಲ್ಲಿ ಮಗು ಎದ್ದು ಅಳತೊಡಗಿತು. ಅಣ್ಣ ಮುಂಗೈಯಿಂದ ತುಟಿ ಒರೆಸಿಕೊಂಡು, ತೊಟ್ಟಿಲ ಅಂಚು ಹಿಡಿದು ಏಳಲು ಹೋಗಿ, ಮತ್ತೆ ಕೂತ.

‘ಆಗಲಿಂದ ಗಂಟಲು ಉರೀತಿದೆ’ ಎಂದ. ‘ಒಂದು ಲೋಟ ನೀರು ಕೊಡು.’